ಚನ್ನಯ್ಯನ ಕುಂಭಕ

ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ಉಸಿರಾಡುವವರು ಬಹಳ ಜನ. ಆದರೆ ಬರೀ ಉಸಿರಾಡಿದ್ದಕ್ಕೆ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ಪೇಪರಿನಲ್ಲಿ ಫೋಟೋ ಬರಿಸಿಕೊಂಡವನು ಚನ್ನಯ್ಯನೊಬ್ಬನೇ. ಅದೇ ಉಸಿರು ಮುಂದೆ ಅವನನ್ನು ವಿಮಾ ಕಂಪನಿಯವರ ಮುಂದೆ ಆರೋಪಿಯಂತೆ ತಂದು ನಿಲ್ಲಿಸಿತು.

ಚನ್ನಯ್ಯ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಅದಕ್ಕೂ ಮುಂಚೆ ಹರೆಯವನ್ನೆಲ್ಲ ಹುಬ್ಬಳ್ಳಿಯಲ್ಲಿ ಸೋದರಮಾವನ ಹತ್ತಿ ಗೋದಾಮಿನಲ್ಲಿ ಕಳೆದಿದ್ದ. ಹತ್ತಿಯಿಂದ ಮಾವನಿಗೆ ಮೂರಂತಸ್ತಿನ ಮನೆಯಾಯಿತು, ಚನ್ನಯ್ಯನಿಗೆ ದಮ್ಮಾಯಿತು. "ನಿಮ್ಮ ಎದಿಯೊಳಗ ಒಂದು ಗಾದಿ ತುಂಬೂವಷ್ಟು ಹತ್ತಿ ಐತಿ ನೋಡ್ರಿ" ಎಂದು ಡಾಕ್ಟರ್ ಸುಕನ್ಯಾ ಎಕ್ಸ್‌ರೇ ಎತ್ತಿ ಹಿಡಿದು ಹೇಳಿದ್ದರು. ಅದಕ್ಕೆ ಸಿ.ಓ.ಪಿ.ಡಿ. ಎಂಬ ದೊಡ್ಡ ಹೆಸರಿತ್ತು. ಹೋಗುವ ರೋಗವಲ್ಲ, ಇಟ್ಟುಕೊಂಡು ಬಾಳುವ ರೋಗ. ಹಳೆಯ ಔಷಧಗಳು ನಾಟದೆ ಚನ್ನಯ್ಯ ಎರಡು ಸಲ ದವಾಖಾನೆ ಸೇರಿ ಬಂದ ಮೇಲೆ ಅವರು ಹೊಸದೊಂದು ಇನ್ಹೇಲರ್ ಬರೆದುಕೊಟ್ಟರು. ದಿನಾ ಬೆಳಿಗ್ಗೆ ಬಾಯಿಗಿಟ್ಟು ಜೋರಾಗಿ ಒಳಗೆಳೆದುಕೊಳ್ಳುವುದು, ಉಸಿರು ಹಿಡಿಯುವುದು, ನಿಧಾನವಾಗಿ ಬಿಡುವುದು. ಔಷಧ ತುಟ್ಟಿ. ಆದರೆ ಕಾರ್ಖಾನೆಯವರು ಮಾಡಿಸಿದ ವಿಮೆ ಅದನ್ನು ಭರಿಸುತ್ತಿತ್ತು. ಚನ್ನಯ್ಯ ಮತ್ತೆ ಮೆಟ್ಟಿಲು ಹತ್ತಿದ, ಮತ್ತೆ ಮಲಗಿ ನಿದ್ದೆ ಮಾಡಿದ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದಮ್ಮಿನ ರೋಗಿ ಎಂದರೆ ಚನ್ನಯ್ಯನ ಕಲ್ಪನೆಯಲ್ಲಿ, ಕಟ್ಟೆಯ ಮೇಲೆ ಮಫ್ಲರ್ ಸುತ್ತಿಕೊಂಡು ಕುಳಿತು, ಹೋಗಿಬರುವವರ ಮೇಲೆಲ್ಲ ಕೆಮ್ಮುವ ಮುದುಕ. ತಾನು ಅಂಥವನೆಂದು ಜಗತ್ತಿಗೆ ಗೊತ್ತಾಗುವುದು ಅವನಿಗೆ ಬೇಡವಾಗಿತ್ತು. ಹೆಂಡತಿ ದಾಕ್ಷಾಯಿಣಿಯೊಬ್ಬಳಿಗೆ ಗೊತ್ತು. ಅದೇ ಮನೆಯಲ್ಲಿದ್ದ ಅತ್ತೆ ದಾನವ್ವನಿಗೂ ಗೊತ್ತಿರಲಿಲ್ಲ. ದವಾಖಾನೆ ಸೇರಿದ್ದನ್ನೂ ಆಕೆಗೆ 'ಕಾರ್ಖಾನಿ ಕೆಲಸಕ್ಕ ಪುಣೆಗೆ ಹೋಗ್ಯಾರ' ಎಂದೇ ಹೇಳಲಾಗಿತ್ತು. ಹೀಗಾಗಿ ಇನ್ಹೇಲರ್ ತೆಗೆದುಕೊಳ್ಳಲು ಅವನು ಬೆಳಿಗ್ಗೆ ಕೆರೆಯ ದಂಡೆಗೆ ಹೋಗುತ್ತಿದ್ದ. ಹೊಂಗೆಯ ಮರದ ಮರೆಗೆ ನಿಂತು, ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಮುಷ್ಟಿಯನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಎಳೆಯುತ್ತಿದ್ದ.

ಒಂದು ದಿನ ಪಕ್ಕದ ಮನೆಯ ಗುಲಾಬಸಾಬ ಅದನ್ನು ನೋಡಿದ. ಗುಲಾಬಸಾಬ ಟೇಲರಿಂಗ್ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಈಗ ಪೂರ್ಣಾವಧಿಗೆ ಊರ ಸುದ್ದಿಯನ್ನು ಹೊಲಿಯುತ್ತಿದ್ದ.

"ಏನ್ರಿ ಚನ್ನಯ್ಯನವರ, ಕಣ್ಣು ಮುಚ್ಚಿ ಏನು ನಡಿಸೀರಿ?"

ಉಸಿರು ಹಿಡಿದಿದ್ದ ಚನ್ನಯ್ಯ ಬಾಯಿ ಬಿಡುವಂತಿರಲಿಲ್ಲ. ಗುಲಾಬಸಾಬ ಕಾದ. ಚನ್ನಯ್ಯ ಇನ್ನೂ ಹಿಡಿದ. ಗುಲಾಬಸಾಬನ ಮುಖದ ಮೇಲೆ ಮೆಲ್ಲಗೆ ಭಕ್ತಿ ಮೂಡತೊಡಗಿತು. ಕೊನೆಗೆ ಉಸಿರು ಬಿಟ್ಟ ಚನ್ನಯ್ಯ, ಮುಷ್ಟಿಯನ್ನು ಕಿಸೆಗೆ ಇಳಿಸುತ್ತ, ಉಸಿರು ಹಿಡಿಯುವುದಕ್ಕೆ ಟಿ.ವಿ.ಯ ಯೋಗಗುರುಗಳು ಹೇಳಿದ್ದ ಒಂದು ಶಬ್ದವನ್ನು ಹೇಳಿಬಿಟ್ಟ.

"ಕುಂಭಕ."

ಮುಗಿಯಿತು. ಮರುದಿನ ಮರದ ಬಳಿ ಗುಲಾಬಸಾಬನ ಜೊತೆ ಇನ್ನಿಬ್ಬರಿದ್ದರು. ವಾರ ಕಳೆಯುವುದರೊಳಗೆ ವಾಯುವಿಹಾರಕ್ಕೆ ಬರುವ ಅರ್ಧ ಜನ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲತೊಡಗಿದರು. ಮುಷ್ಟಿಯೊಳಗೆ ಏನೂ ಇಲ್ಲದಿದ್ದರೂ ಎಲ್ಲರಿಗೂ ಗುಣ ಕಂಡಿತು. ಒಬ್ಬರಿಗೆ ಮೊಣಕಾಲು ನೋವು ಹೋಯಿತು, ಇನ್ನೊಬ್ಬರಿಗೆ ಸೊಸೆಯ ಮೇಲಿನ ಸಿಟ್ಟು ಕಡಿಮೆಯಾಯಿತು. ಯೋಗ ದಿನದಂದು ವಾಯುವಿಹಾರಿಗಳ ಸಂಘದವರು ಚನ್ನಯ್ಯನಿಗೆ 'ಶ್ವಾಸ ಸಾಧಕ' ಎಂಬ ಬಿರುದು ಕೊಟ್ಟರು. ಪೇಪರಿನಲ್ಲಿ ಬಂದ ಫೋಟೋವನ್ನು ದಾನವ್ವ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು.

"ಇದು ಒಂದಿನ ನಿಮ್ಮ ಕುತಿಗಿಗೆ ಬರತೈತಿ" ಎಂದು ದಾಕ್ಷಾಯಿಣಿ ಹೇಳಿದಳು. ಆಕೆ ಸಹಕಾರಿ ಸೊಸೈಟಿಯಲ್ಲಿ ಕ್ಯಾಶಿಯರ್. ಸುಳ್ಳು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಆಕೆಗೆ ವೃತ್ತಿಯಿಂದಲೇ ತಿಳಿದಿತ್ತು.

"ಮಂದಿ ಖುಷಿ ಆಗ್ಯಾರ. ನಂದೇನು ಹೋತು?" ಎಂದ ಶ್ವಾಸ ಸಾಧಕ.

ಹೋದದ್ದು ಔಷಧ. ಕಾರ್ಖಾನೆಯವರು ಆ ವರ್ಷ ವಿಮಾ ಕಂಪನಿಯನ್ನು ಬದಲಿಸಿದರು. ಹೊಸ ಕಂಪನಿಯವರು ಔಷಧದ ಬಿಲ್ಲಿಗೆ ಒಂದೇ ಸಾಲಿನಲ್ಲಿ ಉತ್ತರ ಬರೆದರು: ಈ ತುಟ್ಟಿ ಇನ್ಹೇಲರಿನ ಅವಶ್ಯಕತೆ ಕಂಡುಬಂದಿರುವುದಿಲ್ಲ, ಸದಸ್ಯರು ಹಳೆಯ ಔಷಧವನ್ನೇ ಬಳಸತಕ್ಕದ್ದು.

ಡಾಕ್ಟರ್ ಸುಕನ್ಯಾ ಕೆಂಡವಾದರು. "ಹಳೇದು ನಾಟಲಿಲ್ಲ ಅಂತನ ಅಲ್ಲ, ಹೊಸಾದು ಕೊಟ್ಟಿದ್ದು? ಅಪೀಲು ಹಾಕೂಣು. ನಾ ಬರದು ಕೊಡ್ತೇನಿ." ಅವರು ಬರೆದದ್ದು ಎಷ್ಟು ಖಾರವಾಗಿತ್ತೆಂದರೆ, ಕಂಪನಿಯವರು ಕೂಡಲೇ ಎಚ್ಚೆತ್ತು, ರೋಗಿಯ ಸ್ಥಿತಿಯನ್ನು ಪರಿಶೀಲಿಸಲು ಒಬ್ಬ ಅಧಿಕಾರಿಯನ್ನು ಮನೆಗೇ ಕಳಿಸುವುದಾಗಿ ತಿಳಿಸಿದರು.

ಅಲ್ಲಿಯವರೆಗೆ ಚನ್ನಯ್ಯ ಉಳಿದಿದ್ದ ಔಷಧವನ್ನು ದಿನ ಬಿಟ್ಟು ದಿನ ಎಳೆಯತೊಡಗಿದ. ಉಸಿರು ಗಿಡ್ಡವಾಯಿತು. ಹೆಂಡತಿ ಪಕ್ಕದಲ್ಲಿ ಮಲಗಿ ಅವನ ಎದೆಯೊಳಗಿನ ಸಿಳ್ಳೆಯನ್ನು ಕೇಳುತ್ತ ಸೂರು ನೋಡುತ್ತಿದ್ದಳು. ಶಿಷ್ಯರಿಗೆ ಮಾತ್ರ ಗುರುಗಳ ಗಾಂಭೀರ್ಯ ಹೆಚ್ಚಿದಂತೆ ಕಂಡಿತು. ಒಂದು ಬೆಳಿಗ್ಗೆ ದಂಡೆಯ ಏರು ಹತ್ತಿ ಬಂದ ಚನ್ನಯ್ಯ, "ನಾವು ಉಸಿರನ್ನ..." ಎಂದು ಆರಂಭಿಸಿದವನು ಅಲ್ಲಿಗೇ ನಿಂತುಬಿಟ್ಟ. ಮುಂದಿನ ಶಬ್ದಕ್ಕೆ ಗಾಳಿ ಇರಲಿಲ್ಲ. ಅವನು ಕಲ್ಲೊಂದನ್ನು ಹಿಡಿದು ಕುಸಿದು ಕುಳಿತ. ತುಟಿ ನೀಲಿಯಾಯಿತು. ಕಣ್ಣಿನಲ್ಲಿ ನೀರು ಬಂತು.

"ಶ್!" ಎಂದ ಗುಲಾಬಸಾಬ. "ಒಳಗ ಇಳದಾರ. ಯಾರೂ ಮಾತಾಡಬ್ಯಾಡ್ರಿ."

ಎಲ್ಲರೂ ಸುತ್ತ ಕುಳಿತು ಕಣ್ಣು ಮುಚ್ಚಿದರು. ನಡುವೆ ಒಬ್ಬ ಮನುಷ್ಯ, ನೀರಿನಿಂದ ಹೊರಬಿದ್ದ ಮೀನಿನಂತೆ, ಗಾಳಿಗಾಗಿ ಒದ್ದಾಡುತ್ತಿದ್ದ. ಹೇಗೋ ದಾರಿ ಬಿಟ್ಟುಕೊಂಡು ಗಾಳಿ ಒಳಗೆ ಹೋದಾಗ ಅವನು ಎದ್ದು, ಯಾರ ಮುಖವನ್ನೂ ನೋಡದೆ ಮನೆಗೆ ಹೊರಟ. ಆ ದಿನದ ಪ್ರವಚನ ಅತ್ಯಂತ ಪರಿಣಾಮಕಾರಿಯಾಗಿತ್ತೆಂದು ಸಂಘದವರು ಒಮ್ಮತದಿಂದ ಒಪ್ಪಿದರು.

ಅಧಿಕಾರಿ ಬರುವ ದಿನ ದಾಕ್ಷಾಯಿಣಿ ಸೊಸೈಟಿಗೆ ಹೊರಡುವ ಮುಂಚೆ ಗಂಡನಿಗೆ ತಾಕೀತು ಮಾಡಿದಳು. "ನಾಟಕ ಮಾಡಬ್ಯಾಡ್ರಿ. ಇದ್ದಂಗ ಇರ್ರಿ. ನಿಮ್ಮ ಪರಿಸ್ಥಿತಿ ಇದ್ದದ್ದ ಸಾಕಷ್ಟು ಕೆಟ್ಟೈತಿ."

ಆದರೆ ಇದ್ದ ಹಾಗೆ ಇರುವುದು ಚನ್ನಯ್ಯನಿಗೆ ಅಭ್ಯಾಸ ತಪ್ಪಿತ್ತು. ಆಕೆ ಅತ್ತ ಹೋದದ್ದೇ ತಡ, ಇತ್ತ ಅವನು ಮಫ್ಲರ್ ಸುತ್ತಿ, ಎರಡು ಕೌದಿ ಹೊದ್ದು, ತಲೆಯ ಬದಿಗೆ ಔಷಧದ ಬಾಟಲಿಗಳನ್ನು ಜೋಡಿಸಿ ಮಲಗಿದ. ಬಾಟಲಿ ಸಾಲದಾದಾಗ ಹರಳೆಣ್ಣೆಯ ಬಾಟಲಿಯನ್ನೂ ಇಟ್ಟುಕೊಂಡ.

ಅಧಿಕಾರಿ ಫಕೀರೇಶ ಒಳ್ಳೆಯ ಹುಡುಗ, ಶಿಸ್ತಿನವ. ಮನೆಗೆ ಹೋಗುವ ಮುಂಚೆ ನೆರೆಹೊರೆಯವರನ್ನು ವಿಚಾರಿಸಬೇಕೆಂಬುದು ಅವನ ಕಂಪನಿಯ ನಿಯಮ. ಓಣಿಯ ಬಾಯಲ್ಲೇ ಗುಲಾಬಸಾಬ ಸಿಕ್ಕ.

"ಇಲ್ಲಿ ಚನ್ನಯ್ಯ ಅನ್ನೋರು ಇದಾರಲ್ರಿ, ಅವರ ಉಸಿರಾಟ ಹೆಂಗೈತ್ರಿ?"

ಗುಲಾಬಸಾಬ ಅವನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿದ, ಕೈಯಲ್ಲಿದ್ದ ಫೈಲನ್ನು ನೋಡಿದ, ಕೊರಳಿಗೆ ತೂಗುತ್ತಿದ್ದ ಗುರುತಿನ ಚೀಟಿಯನ್ನು ನೋಡಿದ. ಹೊರಗಿನಿಂದ ಬಂದ ಆಫೀಸರ್ ಒಬ್ಬ ಫೈಲು ಹಿಡಿದು ಒಬ್ಬ ಸಾಧಕನ ಉಸಿರಾಟದ ಬಗ್ಗೆ ಕೇಳುತ್ತಾನೆಂದರೆ ಅದಕ್ಕೆ ಒಂದೇ ಅರ್ಥ. ನವೆಂಬರ್ ಬೇರೆ ಹತ್ತಿರ ಬಂದಿತ್ತು. ಅವನು ಒಳಗೆ ಓಡಿ ಹೆಂಡತಿ ಮಾಬೂಬಿಗೆ ಹೇಳಿ ಕುರ್ಚಿ ತರಿಸಿ, ಕಟ್ಟೆಯ ಮೇಲಿದ್ದವರಿಗೆಲ್ಲ ಕಿವಿಯಲ್ಲಿ ಊದಿದ: "ರಾಜ್ಯೋತ್ಸವ ಪ್ರಶಸ್ತಿ! ತಪಾಸ ಮಾಡಾಕ ಬಂದಾರ! ಕಮ್ಮಿ ಹೇಳಬ್ಯಾಡ್ರಿ ಮತ್ತ!"

ಯಾರೂ ಕಮ್ಮಿ ಹೇಳಲಿಲ್ಲ.

"ಉಸಿರಾಟ ಏನು ಕೇಳ್ತೀರಿ ಸಾಹೇಬರ? ಅವರು ಒಮ್ಮಿ ಉಸಿರು ಹಿಡದ್ರಂದ್ರ ನಾವು ಮನಿಗೆ ಹೋಗಿ, ಚಾ ಕುಡದು ವಾಪಸ್ ಬರತೇವಿ. ಇನ್ನೂ ಹಿಡದಿರ್ತಾರ."

"ನಡಿಗಿ ಹೆಂಗರಿ? ದಣಿವು ಏನಾರ?"

"ದಣಿವು? ಮುಂಜಾನೆದ್ದು ಅಷ್ಟು ದೂರದ ಹೆಬ್ಬಳ್ಳಿ ಹಳ್ಳಿತನಕ ಓಡಿ ಹೋಗಿ, ಅಲ್ಲೆ ಒಂದು ತಂಬಿಗಿ ಮಜ್ಜಿಗಿ ಕುಡದು, ಓಡಿ ಬರತಾರ್ರಿ. ಬಸ್ಸಿನವರು ಹಾರ್ನ್ ಹೊಡದು ದಾರಿ ಕೇಳ್ತಾರ."

ಫಕೀರೇಶ ಬರೆದುಕೊಂಡ. ಅವನ ಹುಬ್ಬು ಮೇಲೇರುತ್ತ ಹೋದದ್ದನ್ನು ಎಲ್ಲರೂ ಮೆಚ್ಚುಗೆ ಎಂದೇ ತಿಳಿದರು.

ಮನೆಯೊಳಗೆ ದಾನವ್ವ ಆರತಿ ತಟ್ಟೆಯೊಂದನ್ನು ಬಿಟ್ಟು ಉಳಿದೆಲ್ಲ ಮರ್ಯಾದೆ ಮಾಡಿದಳು. ಶಾಲು ತಂದು ತೋರಿಸಿದಳು, ಫೋಟೋ ಇಳಿಸಿ ಕೈಗೆ ಕೊಟ್ಟಳು. "ನಮ್ಮ ಅಳಿಯಂದ್ರಿಗೆ ಇಲ್ಲಿತನಕ ಒಂದು ನೆಗಡಿ ಸೈತ ಬಂದಿಲ್ಲರಿ ಸಾಹೇಬರ. ದವಾಖಾನಿ ಮೆಟ್ಲ ಹತ್ತಿಲ್ಲ. ವರ್ಷಕ್ಕೊಮ್ಮಿ ಪುಣೆಗೆ ಹೋಗಿ ಬರತಾರ, ಅಷ್ಟ."

ಕೌದಿಯ ಕೆಳಗಿನಿಂದ ಚನ್ನಯ್ಯ ಕೆಮ್ಮಿದ. ನಾಟಕದ ಕೆಮ್ಮೆಂದು ಆರಂಭಿಸಿದ್ದು ನಿಜವಾದ ಕೆಮ್ಮಾಗಿ, ಮಾತು ಬರದಂತೆ ಅವನನ್ನು ಹಿಂಡಿತು. ಅವನು ಕೈಯಾಡಿಸಿ ಅತ್ತೆಯನ್ನು ಸುಮ್ಮನಿರಿಸಲು ನೋಡಿದ.

"ನೋಡ್ರಿ, ಆಶೀರ್ವಾದ ಮಾಡಾಕತ್ತಾರ" ಎಂದಳು ದಾನವ್ವ.

ಫಕೀರೇಶ ಹರಳೆಣ್ಣೆಯ ಬಾಟಲಿಯನ್ನೆತ್ತಿ ಚೀಟಿ ಓದಿದ, ಕೆಳಗಿಟ್ಟ, ಕೈಮುಗಿದು ಹೊರಟ. ಹದಿನೈದು ದಿನಗಳಲ್ಲಿ ಉತ್ತರ ಬಂತು. ಸದರಿ ಸದಸ್ಯರು ಪರಿಸರದಲ್ಲಿ ಪ್ರಖ್ಯಾತ ಶ್ವಾಸ ಸಾಧಕರಾಗಿದ್ದು, ಹೆಬ್ಬಳ್ಳಿಯವರೆಗೆ ಓಡಿ ಹಿಂದಿರುಗುವ ಸಾಮರ್ಥ್ಯ ಹೊಂದಿರುತ್ತಾರೆ. ಶ್ವಾಸಕೋಶದ ಕಾಯಿಲೆ ನಟನೆಯೆಂದು ತೋರುತ್ತದೆ. ಆಕ್ಷೇಪಣೆಯಿದ್ದಲ್ಲಿ ಹುಬ್ಬಳ್ಳಿ ಕಚೇರಿಯ ಸಮಿತಿಯ ಮುಂದೆ ಖುದ್ದಾಗಿ ಹಾಜರಾಗತಕ್ಕದ್ದು.

ದಾಕ್ಷಾಯಿಣಿ ಅದನ್ನು ಓದಿ ಮಡಚಿಟ್ಟಳು. ಸಿಟ್ಟಿಗೇಳಲಿಲ್ಲ. ಅದು ಚನ್ನಯ್ಯನಿಗೆ ಹೆಚ್ಚು ಹೆದರಿಕೆ ತಂದಿತು.

"ನಾಳೆ ಮುಂಜಾನೆ ನಾನೂ ಕೆರಿ ದಂಡಿಗೆ ಬರತೇನಿ" ಎಂದಳು.

ಬಂದಳು. ಮುಷ್ಟಿ ಬಾಯಿಗಿಟ್ಟು ನಿಂತ ಭಕ್ತರ ನಡುವೆ ನಿಂತು ಸ್ಪಷ್ಟವಾಗಿ ಹೇಳಿದಳು: "ಎಲ್ಲಾರೂ ಕಣ್ಣು ತಗೀರಿ. ನಮ್ಮನಿಯವರು ಯೋಗಿ ಅಲ್ಲ, ರೋಗಿ. ದಮ್ಮೈತಿ. ಅವತ್ತ ಬಂದಿದ್ದು ಪ್ರಶಸ್ತಿಯವ ಅಲ್ಲ, ಔಷಧ ಕೊಡಬೇಕೋ ಬ್ಯಾಡೋ ಅಂತ ನೋಡಾಕ ಬಂದಿದ್ದಾಂವ. ನೀವು ಹೇಳಿದ್ದಕ್ಕ ಔಷಧ ಬಂದ್ ಆಗೈತಿ."

ಮುಷ್ಟಿಗಳು ಒಂದೊಂದಾಗಿ ಕೆಳಗಿಳಿದವು. ಆಮೇಲೆ ಗುಲಾಬಸಾಬನ ಕಣ್ಣು ಒದ್ದೆಯಾಯಿತು. "ದೊಡ್ಡವರು ಹಿಂಗ ನೋಡ್ರಿ. ಹೊಗಳಿಕಿ ತಡಕೊಳ್ಳಾಕ ಆಗಂಗಿಲ್ಲ ಅವರಿಗೆ. ಎಂಥಾ ವಿನಯ!"

ಒಂದಿಬ್ಬರು ಚನ್ನಯ್ಯನ ಕಾಲಿಗೆರಗಿದರು.

ಚನ್ನಯ್ಯ ಹೆಂಡತಿಯ ಮುಖ ನೋಡಿದ. ಆಕೆ ಬೇರೆಡೆ ನೋಡುತ್ತಿದ್ದಳು. ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಅವನು ಕಿಸೆಗೆ ಕೈಹಾಕಿ ಇನ್ಹೇಲರನ್ನು ಹೊರತೆಗೆದು, ಈ ಸಲ ಮುಷ್ಟಿ ಮುಚ್ಚದೆ, ಅಂಗೈ ಮೇಲಿಟ್ಟು ಎಲ್ಲರಿಗೂ ಕಾಣುವಂತೆ ಚಾಚಿದ. "ಖರೇರಿ. ಇದ ನನ್ನ ಕುಂಭಕ."

"ಅಯ್ಯ, ಅದರಂಥಾದ ಒಂದು ನನ್ನ ಕಡೇನೂ ಐತಲ್ಲ!" ಎಂದಳು ಗುಲಾಬಸಾಬನ ಹಿಂದೆ ನಿಂತಿದ್ದ ಮಾಬೂಬಿ. ಮದುವೆಯಾದಂದಿನಿಂದ ಕಟ್ಟಿಗೆಯ ಒಲೆಯ ಹೊಗೆ ಕುಡಿದು ಆಕೆಯ ಎದೆಯೂ ಕೆಟ್ಟಿತ್ತು. ಆಕೆ ಚನ್ನಯ್ಯನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. "ನಾ ದಿನಾ ಎಲ್ಲಾರ ಮುಂದ ಎಳಿತೇನಿ. ನನಗ ಯಾರೂ ಒಂದು ಟವೆಲ್ ಸೈತ ಹೊದಿಸಲಿಲ್ಲ."

ಆಗ ಎಲ್ಲರಿಗೂ ಅರ್ಥವಾಯಿತು. ಎರಗಿದ್ದವರು ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡರು. ಗುಲಾಬಸಾಬ ಚನ್ನಯ್ಯನ ಹತ್ತಿರ ಸರಿದು, "ಹಂಗಾರ ಅವತ್ತ ನೀವು ಕಲ್ಲು ಹಿಡದು ಕುಂತಿದ್ದು..." ಎಂದ.

"ಉಸಿರು ಸಿಗವಲ್ದಾಗಿತ್ತು" ಎಂದ ಚನ್ನಯ್ಯ.

ಗುಲಾಬಸಾಬ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಯಾವತ್ತ ಐತ್ರಿ ಹುಬ್ಬಳ್ಳಿಗೆ ಹೋಗೂದು? ನಾನೂ ಬರತೇನಿ. ಹೇಳಿದ ಬಾಯಿಂದನ ವಾಪಸ್ ತಗೋತೇನಿ."

ಹುಬ್ಬಳ್ಳಿಯ ಕಚೇರಿಯಲ್ಲಿ ಸಮಿತಿಯ ಮುಖ್ಯಸ್ಥರಾಗಿ ಕುಳಿತಿದ್ದವರು ವಯಸ್ಸಾದ ಒಬ್ಬ ವೈದ್ಯರು. ಕನ್ನಡಕದ ಮೇಲಿಂದ ನೋಡುವ ಜಾತಿಯವರು. ಅವರ ಪಕ್ಕದಲ್ಲಿ ಫಕೀರೇಶ. ಇತ್ತ ಚನ್ನಯ್ಯ, ದಾಕ್ಷಾಯಿಣಿ, ಗುಲಾಬಸಾಬ, ಮಾಬೂಬಿ, ಡಾಕ್ಟರ್ ಸುಕನ್ಯಾ, ಹಾಗೂ ಯಾರು ಎಷ್ಟು ಹೇಳಿದರೂ ಅಳಿಯನಿಗೆ ರೋಗವಿದೆಯೆಂದು ಇನ್ನೂ ನಂಬದ ದಾನವ್ವ.

ಮುಖ್ಯಸ್ಥರು ವರದಿ ಓದಿದರು. "ಹೆಬ್ಬಳ್ಳಿತನಕ ಓಡಿದ್ದು ನೋಡಿದವರು ಯಾರ್ರಿ?"

ಗುಲಾಬಸಾಬ ಎದ್ದು ನಿಂತ. "ನಾನ್ರಿ. ಅಂದ್ರ ನೋಡಿಲ್ಲರಿ. ಹೇಳಿದಾಂವ ನಾನು. ಆದ್ರ ಅದು ನಾ ಪ್ರಶಸ್ತಿಗೆ ಹೇಳಿದ್ದು ಸಾಹೇಬರ, ಔಷಧಕ್ಕ ಹೇಳಿದ್ದಲ್ಲ."

"ಎರಡಕ್ಕೂ ಬ್ಯಾರೆ ಬ್ಯಾರೆ ಖರೇ ಇರತೈತೇನು?"

"ಪ್ರಶಸ್ತಿಗೆ ಸ್ವಲ್ಪ ಸಡಿಲ ಹೊಲಿಬೇಕಾಗತೈತ್ರಿ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ನಗು ಬಂದಾಗ ಹಾಗೆ ಮಾಡುವುದು ಅವರ ರೂಢಿಯಿರಬೇಕು. "ಇವತ್ತ ಹೇಳಾಕತ್ತಿದ್ದು ಸಡಿಲೋ, ಬಿಗಿಯೋ, ನಾವು ಹೆಂಗ ತಿಳೀಬೇಕು?"

ಡಾಕ್ಟರ್ ಸುಕನ್ಯಾ ಚೀಲದಿಂದ ಉಸಿರು ಅಳೆಯುವ ಸಣ್ಣ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. "ಕಾಗದ ಬದಿಗಿಡ್ರಿ ಸರ್. ನಿಮ್ಮ ಕಣ್ಣ ಮುಂದ ಒಮ್ಮಿ ಊದಿಸೂಣು. ಇದಕ್ಕ ನಾಟಕ ತಿಳಿಯಂಗಿಲ್ಲ."

ಫಕೀರೇಶ ಮೆಲ್ಲಗೆ, "ಬೇಕಂತನ ಕಡಿಮಿ ಊದಿದ್ರ?" ಎಂದ.

"ಪೂರ್ತಿ ಊದಲಿಲ್ಲಂದ್ರ ಇದ ತೋರಸ್ತೈತಿ" ಎಂದರು ಸುಕನ್ಯಾ.

ಕೊಳವೆ ಚನ್ನಯ್ಯನ ಕೈಗೆ ಬಂತು. ಕೋಣೆಯಲ್ಲಿದ್ದವರೆಲ್ಲರ ಕಣ್ಣು ಅವನ ಬಾಯಿಯ ಮೇಲೆ ನೆಟ್ಟವು. ಗುಲಾಬಸಾಬ ತಾನು ಬಂದದ್ದು ಯಾತಕ್ಕೆಂಬುದನ್ನು ಮರೆತು, ಹಳೆಯ ಉತ್ಸಾಹದಿಂದ, "ಊದ್ರಿ ಗುರುಗಳ! ತೋರಸ್ರಿ!" ಎಂದುಬಿಟ್ಟ. ದಾಕ್ಷಾಯಿಣಿ ಅವನನ್ನು ಸುಡುವಂತೆ ನೋಡಿದಳು. ಆದರೆ ತಡವಾಗಿತ್ತು. ಪ್ರೇಕ್ಷಕರಿದ್ದಾರೆಂಬ ಅರಿವು ಚನ್ನಯ್ಯನ ನೆತ್ತಿಗೇರಿತ್ತು. ತಾನು ಇಲ್ಲಿಗೆ ರೋಗಿಯಾಗಿ ಬಂದವನೆಂಬುದನ್ನು ಮರೆತು, ಅವನು ಹುಟ್ಟಿದಾಗಿನಿಂದ ಊದದಷ್ಟು ಬಲದಿಂದ ಊದಿದ. ಕಣ್ಣು ಹೊರಬಂದವು. ಕುತ್ತಿಗೆಯ ನರ ಹಗ್ಗವಾದವು. ಮೈಯೆಲ್ಲ ಮುಂದಕ್ಕೆ ಬಾಗಿತು.

ಯಂತ್ರ "ಕೀಂ" ಎಂದಿತು.

ದಾನವ್ವ ಮಗಳ ಕಿವಿಯಲ್ಲಿ ಕೇಳಿದಳು. ಆಕೆಯ ಪಿಸುಮಾತು ಇಡೀ ಕೋಣೆಗೆ ಕೇಳುವಂಥದು. "ಇನ್ನೂ ಚಾಲೂ ಮಾಡಿಲ್ಲೇನ?"

"ಮಾಡಿ, ಮುಗದೂ ಹೋತು ಅಮ್ಮ" ಎಂದಳು ದಾಕ್ಷಾಯಿಣಿ.

ಮುಖ್ಯಸ್ಥರು ಯಂತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಓದಿ, ಇನ್ನೊಮ್ಮೆ ಓದಿದರು. ಯಾವ ಮೋಸವೂ ಇಲ್ಲದ, ಪೂರ್ತಿ ಊದಿದ ಉಸಿರು. ಅಷ್ಟೇ ಇತ್ತು, ಅಷ್ಟನ್ನೂ ಕೊಟ್ಟಿದ್ದ. ಚನ್ನಯ್ಯ ಮೇಜು ಹಿಡಿದು ಏದುಸಿರು ಬಿಡುತ್ತಿದ್ದ. ಫಕೀರೇಶ ಯಾರೂ ಹೇಳದೆ ಎದ್ದು ತನ್ನ ಕುರ್ಚಿಯನ್ನೇ ತಂದು ಅವನ ಹಿಂದಿಟ್ಟು, ಫ್ಯಾನನ್ನು ಅವನ ಕಡೆ ತಿರುಗಿಸಿದ.

"ಇಷ್ಟ ಉಸಿರಿನ ಮ್ಯಾಲೆ ಈ ಮನಶ್ಯಾ ಇಲ್ಲಿತನಕ ಹೆಂಗ ಬಂದ?" ಎಂದರು ಮುಖ್ಯಸ್ಥರು, ಯಾರನ್ನೂ ಉದ್ದೇಶಿಸದೆ.

"ಬಸ್ಸಿನ್ಯಾಗರಿ" ಎಂದ ಗುಲಾಬಸಾಬ.

ದಾನವ್ವ ಮಾತ್ರ ನಗಲಿಲ್ಲ. ಆಕೆ ಎದ್ದು ಅಳಿಯನ ಹಿಂದೆ ಬಂದು, ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಅಂಗೈಯ ಕೆಳಗೆ ಸಿಳ್ಳೆ ನಡುಗುತ್ತಿತ್ತು. ಆಕೆ ಬೆನ್ನು ಸವರತೊಡಗಿದಳು. "ಪುಣೆ ಅಂತ ಪುಣೆ" ಎಂದಳು. "ನಾ ಏನು ಬ್ಯಾರೆಯವಳಾ?"

ಮುಖ್ಯಸ್ಥರು ಅಲ್ಲಿಯೇ ಬರೆದು ಸಹಿ ಹಾಕಿದರು. ಅಪೀಲು ಮಂಜೂರಾಗಿತ್ತು. ಹೊಸ ಇನ್ಹೇಲರು ಕಂಪನಿಯ ಖರ್ಚಿನಲ್ಲೇ ಮುಂದುವರಿಯತಕ್ಕದ್ದು. ಡಾಕ್ಟರ್ ಸುಕನ್ಯಾ ಯಂತ್ರವನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ನಿಮ್ಮ ಡೌಲು ಒಮ್ಮ್ಯಾರ ಉಪಯೋಗಕ್ಕ ಬಂತ್ರಿ" ಎಂದು ಚನ್ನಯ್ಯನಿಗೆ ಹೇಳಿ ಹೊರಟುಹೋದರು.

ಮೂಲೆಯ ಔಷಧದಂಗಡಿಯಲ್ಲಿ ಹೊಸ ಇನ್ಹೇಲರು ಪಡೆದು, ಉಳಿದವರೆಲ್ಲ ಧಾರವಾಡದ ಬಸ್ಸು ಹತ್ತಿದರು. ಸಂಜೆಯ ಬಸ್ಸು ಕಿಕ್ಕಿರಿದಿತ್ತು. ಚನ್ನಯ್ಯ ಕಂಬ ಹಿಡಿದು ನಿಂತು, ಅಷ್ಟು ಜನರ ನಡುವೆ ಇನ್ಹೇಲರು ಬಾಯಿಗಿಟ್ಟು ಎಳೆದ. ಹಿಡಿದ. ಬಿಟ್ಟ.

ಕಿಟಕಿಯ ಬಳಿ ಕುಳಿತಿದ್ದ ಹಿರಿಯರೊಬ್ಬರು, "ಏನ್ರಿ ಅದು?" ಎಂದರು.

ಚನ್ನಯ್ಯನ ಬಾಯಿಗೆ ಮೂರು ನಾಲ್ಕು ಸಂಸ್ಕೃತದ ಶಬ್ದಗಳು ಬಂದು, ಹಾಗೆಯೇ ಹಿಂದಿರುಗಿದವು. "ದಮ್ಮಿನ ಔಷಧ್ರಿ" ಎಂದ.

"ಹೌದಾ? ಮೊದಲ ಹೇಳಬಾರದೇನು, ಬರ್ರಿ, ಕುಂದರ್ರಿ" ಎಂದು ಅವರು ಸರಿದು ಜಾಗ ಮಾಡಿಕೊಟ್ಟರು. ತಮ್ಮ ತಮ್ಮನಿಗೂ ದಮ್ಮಿದೆಯೆಂದರು. ಹಿಂದಿನ ಸೀಟಿನವರು ತಮಗೆ ಸಕ್ಕರೆ ಕಾಯಿಲೆಯೆಂದರು. ನವನಗರ ದಾಟುವುದರೊಳಗೆ ಇಡೀ ಬಸ್ಸು ತನ್ನ ರೋಗಗಳನ್ನೆಲ್ಲ ಹೊರಗೆ ಹರವಿತ್ತು. ದಾನವ್ವ ಎಲ್ಲರಿಗೂ ಕಷಾಯ ಹೇಳುತ್ತಿದ್ದಳು. ಮಾಬೂಬಿ ಅದನ್ನು ತಿದ್ದುತ್ತಿದ್ದಳು. ಪಕ್ಕದವರು ಎದ್ದುಹೋದ ಮೇಲೆ ದಾಕ್ಷಾಯಿಣಿ ಗಂಡನ ಬದಿಗೆ ಬಂದು ಕುಳಿತಳು. ಎಷ್ಟೋ ರಾತ್ರಿಗಳ ನಿದ್ದೆ ಬಾಕಿಯಿತ್ತು. ಅವನ ಉಸಿರಾಟವನ್ನು ಒಂದಿಷ್ಟು ಹೊತ್ತು ಆಲಿಸಿ, ಅದು ಸದ್ದಿಲ್ಲದೆ ಬಂದು ಹೋಗುತ್ತಿರುವುದನ್ನು ಖಾತ್ರಿಪಡಿಸಿಕೊಂಡು, ಅವನ ಭುಜಕ್ಕೊರಗಿ ಮಲಗಿಬಿಟ್ಟಳು.

ಇಳಿಯುವ ನಿಲ್ದಾಣ ಬಂತು. ಆಕೆಯನ್ನು ಎಬ್ಬಿಸಲು ಚನ್ನಯ್ಯನಿಗೆ ಮನಸ್ಸಾಗಲಿಲ್ಲ. ಇನ್ನೊಂದು ಕ್ಷಣ ಇರಲಿ, ಇನ್ನೊಂದು ಕ್ಷಣ ಇರಲಿ ಎನ್ನುವಷ್ಟರಲ್ಲಿ ಬಸ್ಸಿನ ಬಾಗಿಲು ಮುಚ್ಚತೊಡಗಿತು. ಗುಲಾಬಸಾಬ ಆಗಲೇ ಕೆಳಗಿಳಿದು ಕೈಬೀಸುತ್ತಿದ್ದ.

"ಏ ಡ್ರೈವರ್ ಸಾಹೇಬರ, ಸ್ವಲ್ಪ ನಿಂದರ್ರಿ, ನಾವಿನ್ನೂ ಇಳಿಯೋರು ಅದೇವಿ, ನಮ್ಮ ಅತ್ತಿ ಹಿಂದ ಅದಾರ!" ಎಂದು ಕೂಗಿದ ಚನ್ನಯ್ಯ.

ಇಡೀ ಬಸ್ಸು ತಿರುಗಿ ನೋಡಿತು. ಬಾಗಿಲು ತೆರೆದುಕೊಂಡಿತು. ಮೊದಲ ಶಬ್ದಕ್ಕೇ ದಾಕ್ಷಾಯಿಣಿ ಬೆಚ್ಚಿಬಿದ್ದು ಎಚ್ಚರಾಗಿದ್ದಳು. ಅಷ್ಟುದ್ದದ ಮಾತನ್ನು ನಡುವೆ ಎಲ್ಲಿಯೂ ನಿಲ್ಲದೆ, ಒಂದೇ ಉಸಿರಿನಲ್ಲಿ ಅವನು ಹೇಳಿ ಮುಗಿಸಿದ್ದನ್ನು ಆಕೆ ಕೇಳಿಸಿಕೊಂಡಿದ್ದಳು.

"ಹಂಗ್ಯಾಕ ಒದರತೀರಿ, ನಾ ಏನು ಕಿವುಡಿ ಏನು?" ಎಂದು ಬೈಯುತ್ತ, ಅವನ ತೋಳು ಹಿಡಿದುಕೊಂಡು, ನಗುಮುಖದಿಂದ ಕೆಳಗಿಳಿದಳು.